ಹಿತ್ತಿಲ ಕೊಳದ ತರಗೆಲೆ

ಹಿತ್ತಿಲಲ್ಲಿ ಕೊಳವನ್ನು ಕಟ್ಟಿಸಿ ಮೀನು ಸಾಕುವವನು ಒಂದು ಹೊಣೆಯನ್ನು ಹೊತ್ತಂತೆಯೇ ಸರಿ. ಹೊಳೆಯ ಮೀನಿಗೆ ನೀರು ಕೆಟ್ಟರೆ ಬೇರೆಡೆಗೆ ಸರಿಯಲು ದಾರಿಯುಂಟು. ನಾಲ್ಕು ಗೋಡೆಗಳ ನಡುವಿನ ಮೀನಿಗೆ ಆ ದಾರಿಯಿಲ್ಲ. ಅದರ ಉಸಿರು ಸಾಕಿದವನ ಕೈಯಲ್ಲಿದೆ. ಆ ಉಸಿರನ್ನು ಸದ್ದಿಲ್ಲದೆ ಕಸಿಯುವ ವಸ್ತುಗಳಲ್ಲಿ ಮರದಿಂದ ಉದುರಿದ ಎಲೆಯೂ ಒಂದು.

ಎಲೆಯು ಸ್ವತಃ ಕೆಟ್ಟುದಲ್ಲ. ನೆಲಕ್ಕೆ ಬಿದ್ದರೆ ಅದೇ ಗೊಬ್ಬರವಾಗುವುದು. ನೀರಿಗೆ ಬಿದ್ದ ಎಲೆ ಕೆಲಕಾಲ ತೇಲಿ, ನೀರು ಹೀರಿ ಭಾರವಾಗಿ ತಳಕ್ಕಿಳಿಯುತ್ತದೆ. ಅಲ್ಲಿ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸುತ್ತವೆ. ಅದಕ್ಕಾಗಿ ಅವು ಬಳಸುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ಮೀನಿನ ಉಸಿರಿಗೂ ಅದೇ ಆಧಾರ. ತಳದ ಕೆಸರು ದಪ್ಪವಾದಾಗ, ಆಮ್ಲಜನಕವಿಲ್ಲದ ಆ ಪದರದಲ್ಲಿ ಕೊಳೆತ ಮೊಟ್ಟೆಯ ನಾತದ ವಿಷಾನಿಲವೂ ಹುಟ್ಟುತ್ತದೆ. ಆದುದರಿಂದ ಮೇಲೆ ತಿಳಿಯಾಗಿ ಕಂಡ ನೀರೆಲ್ಲವೂ ಶುದ್ಧವೆಂದು ನಂಬತಕ್ಕದ್ದಲ್ಲ.

ಕನ್ನಡ ನಾಡಿನಲ್ಲಿ ಎಚ್ಚರಕ್ಕೆ ಇನ್ನೊಂದು ಕಾರಣವಿದೆ. ಶೀತದೇಶಗಳಲ್ಲಿ ಎಲೆಯುದುರಿದ ಮೇಲೆ ಚಳಿಗಾಲ ಬರುತ್ತದೆ. ತಣ್ಣೀರಿನಲ್ಲಿ ಕೊಳೆಯುವಿಕೆ ನಿಧಾನ. ಇಲ್ಲಿಯಾದರೋ ಬೇವು, ಅರಳಿ, ಹೊಂಗೆ ಮುಂತಾದ ಮರಗಳು ಹೆಚ್ಚಾಗಿ ಎಲೆಯುದುರಿಸುವುದು ಮಾಘ–ಫಾಲ್ಗುಣಗಳ ಸುಮಾರಿಗೆ; ಅದರ ಬೆನ್ನಿಗೇ ಬೇಸಗೆ. 20 ಡಿಗ್ರಿ ಸೆಲ್ಸಿಯಸ್ ಶಾಖದ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿಯಬಲ್ಲುದು. 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಅದೇ ಬಿಸಿಗೆ ಕೊಳೆಯುವಿಕೆ ಚುರುಕಾಗುತ್ತದೆ. ಆದಾಯ ಕುಗ್ಗಿದಾಗಲೇ ವೆಚ್ಚ ಹೆಚ್ಚಿದಂತೆ! ಇರುಳಿನಲ್ಲಿ ನೀರಿನ ಸಸ್ಯಗಳು ಆಮ್ಲಜನಕವನ್ನು ಕೊಡವು, ತಾವೂ ಬಳಸುವವು. ಹೀಗಾಗಿ ಬೆಳಗಿನ ಜಾವವೇ ಕಷ್ಟಕಾಲ. ಆಗ ಮೀನುಗಳು ಮೇಲೆ ಬಂದು ಬಾಯ್ದೆರೆದು ಗುಟುಕರಿಸುತ್ತಿದ್ದರೆ ಅಪಾಯವೆಂದರಿಯಬೇಕು. ಕೂಡಲೇ ಕೊಳದ ನೀರನ್ನೇ ಮೊಗೆದು ಎತ್ತರದಿಂದ ಸುರಿದು ಗಾಳಿಯನ್ನು ಬೆರೆಸಬೇಕು.

ಉಪಾಯಗಳು ಸರಳ. ಎಲೆಯುದುರುವ ಮೊದಲೇ ಕೊಳದ ಮೇಲೆ ಸಣ್ಣ ಕಣ್ಣಿನ ಬಲೆಯನ್ನು ಬಿಗಿಯಾಗಿ, ನೀರಿಗೆ ತಾಗದಂತೆ ಕಟ್ಟುವುದು. ಬಲೆಯ ಮೇಲೆ ಕೂಡಿದುದನ್ನೂ ಆಗಾಗ ತೆಗೆಯುವುದು. ಬಲೆಯಿಲ್ಲದವರು ಪ್ರತಿ ಸಂಜೆ ಉದ್ದ ಹಿಡಿಯ ಕೈಬಲೆಯಿಂದ ತೇಲುವ ಎಲೆಗಳನ್ನು ಎತ್ತಬೇಕು. ತೇಲುವಾಗ ಕ್ಷಣದ ಕೆಲಸವಾದುದು ಮುಳುಗಿದ ಮೇಲೆ ದಿನದ ಕೆಲಸವಾಗುತ್ತದೆ. ಕಣಗಿಲೆ ವಿಷದ ಗಿಡ; ಅದನ್ನು ದಡದಲ್ಲಿ ನೆಡಲೇಬಾರದು.

ತಳದಲ್ಲಿ ಈಗಾಗಲೇ ಕೆಸರು ನಿಂತಿದ್ದರೆ ಒಮ್ಮೆಗೇ ಕಲಕಬಾರದು. ಅಡಗಿದ ವಿಷವೆಲ್ಲ ನೀರಿಗೆ ಬೆರೆತೀತು. ಕೊಳವೆಯಿಂದ ಸ್ವಲ್ಪಸ್ವಲ್ಪವಾಗಿ, ಹಲವು ದಿನಗಳಲ್ಲಿ ಹೊರಕ್ಕೆ ಹರಿಸಬೇಕು. ಕಡಿಮೆಯಾದಷ್ಟು ನೀರನ್ನು ಮಾತ್ರ ತುಂಬಿಸಬೇಕು. ಕ್ಲೋರಿನ್ ಬೆರೆತ ನಲ್ಲಿಯ ನೀರಾದರೆ ಒಂದು ದಿನವಾದರೂ ತೆರೆದ ಪಾತ್ರೆಯಲ್ಲಿಟ್ಟು ಬಳಸುವುದು ಲೇಸು.

ಎತ್ತಿದ ಎಲೆಯನ್ನು ಸುಡದೆ ಗೊಬ್ಬರದ ಗುಂಡಿಗೆ ಸೇರಿಸಿದರೆ ಅದು ಮತ್ತೆ ಮರದ ಬುಡಕ್ಕೇ ಸಲ್ಲುತ್ತದೆ. ಕೊಳದ ಶುದ್ಧಿ ವರ್ಷಕ್ಕೊಮ್ಮೆ ಮಾಡಿ ಮುಗಿಸುವ ಉತ್ಸವವಲ್ಲ, ನಿತ್ಯದ ಕಾಯಕ. ಇಂದು ಬಿದ್ದ ಎಲೆಯನ್ನು ಇಂದೇ ಎತ್ತುವವನ ಕೊಳದಲ್ಲಿ ಮೀನು ಬೇಸಗೆಯನ್ನು ದಾಟುತ್ತದೆ.