ವಯಸ್ಕರ ಕಲಿಕೆಯಲ್ಲಿ ಮಾಹಿತಿ ತಂತ್ರಜ್ಞಾನದ ನೀತಿ

ಗಣಕಯಂತ್ರ ಹಾಗೂ ಮೊಬೈಲ್ ಫೋನಿನ ಬಳಕೆಯನ್ನು ಕಲಿಸುವುದು ಇಂದು ವಯಸ್ಕರ ಶಿಕ್ಷಣದ ಒಂದು ಅಂಗವಾಗಿದೆ. 15 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಿಗಾಗಿ 2022ರಲ್ಲಿ ಆರಂಭಗೊಂಡ ನವಭಾರತ ಸಾಕ್ಷರತಾ ಕಾರ್ಯಕ್ರಮವು ಓದು, ಬರಹ, ಲೆಕ್ಕಗಳೊಂದಿಗೆ ಡಿಜಿಟಲ್ ಸಾಕ್ಷರತೆಯನ್ನೂ ಒಳಗೊಂಡಿದೆ. ಆದರೆ ಕೌಶಲವನ್ನಷ್ಟೇ ಕಲಿಸಿ ಹೊಣೆಗಾರಿಕೆಯನ್ನು ಕಲಿಸದಿದ್ದರೆ ಶಿಕ್ಷಣವು ಅಪೂರ್ಣವಾಗುತ್ತದೆ.

ಅನುಭವವೇ ತಳಹದಿ

ವಯಸ್ಕರು ನೀತಿಯನ್ನು ಅರಿಯದವರಲ್ಲ. ಅನ್ಯರ ಕಾಗದವನ್ನು ಒಡೆದು ಓದಬಾರದು, ನಂಬಿ ಹೇಳಿದ ಗುಟ್ಟನ್ನು ಹೊರಗೆಡಹಬಾರದು, ಕೇಳಿದ್ದನ್ನೆಲ್ಲ ಹಬ್ಬಿಸಬಾರದು ಎಂಬುದು ಅವರಿಗೆ ತಿಳಿದೇ ಇದೆ. ಗುಪ್ತ ಸಂಖ್ಯೆ, ಭಾವಚಿತ್ರ, ಸಂದೇಶಗಳಿಗೂ ಇದೇ ನಿಯಮವು ಅನ್ವಯಿಸುತ್ತದೆ ಎಂಬುದನ್ನು ತೋರಿಸಿಕೊಡುವುದೇ ಶಿಕ್ಷಕರ ಕೆಲಸ. ಆದುದರಿಂದ ನೀತಿಯನ್ನು ಕೊನೆಯ ದಿನದ ಉಪದೇಶವಾಗಿಸದೆ, ಪ್ರತಿಯೊಂದು ಪಾಠದಲ್ಲಿಯೂ ಸೇರಿಸುವುದು ಸೂಕ್ತ.

ಚರ್ಚೆಗೆ ಒಂದು ಸನ್ನಿವೇಶ

ಪರಭಾಷಾ ಪ್ರಾಂತದಲ್ಲಿ ನೆಲೆಸಿದ ವೃದ್ಧೆಯೊಬ್ಬರಿಗೆ ಬ್ಯಾಂಕಿನ ಸಂದೇಶಗಳನ್ನು ಓದಲು ಬಾರದು. ಪಿಂಚಣಿ ಜಮೆಯಾಗಿದೆಯೇ ಎಂದು ನೋಡಲು ಅವರು ನೆರೆಮನೆಯ ಕಲಿಕಾರ್ಥಿಯ ಕೈಗೆ ಫೋನನ್ನು ಕೊಟ್ಟು, ಗುಪ್ತ ಸಂಖ್ಯೆಯನ್ನೂ ಹೇಳಿಬಿಡುತ್ತಾರೆ. ಮರುದಿನ ವೃದ್ಧೆಯ ಮಗ ಬಂದು, ಖಾತೆಯಲ್ಲಿ ಎಷ್ಟು ಹಣವಿದೆಯೆಂದು ಆಕೆಯನ್ನು ವಿಚಾರಿಸುತ್ತಾನೆ. ಆಕೆ ಏನು ಮಾಡಬೇಕು? ಮಗನಲ್ಲವೇ ಎಂದು ಕೆಲವರು, ಹಣ ತಾಯಿಯದಲ್ಲವೇ ಎಂದು ಕೆಲವರು ವಾದಿಸಬಹುದು. ಶಿಕ್ಷಕರು ಅವಸರದಿಂದ ತೀರ್ಪು ನೀಡಬಾರದು. ವಿವರವನ್ನು ಖಾತೆದಾರರಿಗೆ ಮಾತ್ರ ತಿಳಿಸಬೇಕು, ಗುಪ್ತ ಸಂಖ್ಯೆಯನ್ನು ಅವರ ಕೈಯಿಂದಲೇ ಒತ್ತಿಸಬೇಕು ಎಂಬ ನಿರ್ಣಯವು ಚರ್ಚೆಯಿಂದಲೇ ಮೂಡಿಬರಬೇಕು.

ಕಾನೂನಿನ ಅರಿವು

ಚರ್ಚೆಯ ತರುವಾಯ ಕಾನೂನನ್ನು ತಿಳಿಸುವುದು ಸುಲಭ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸಿದವರಿಗೆ, ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 66ಸಿ ಪ್ರಕರಣದ ಮೇರೆಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ಒಂದು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯನ್ನೂ ವಿಧಿಸಬಹುದು.

ಮೋಸಹೋದವರನ್ನು ಹಳಿಯುವುದು ತರವಲ್ಲ. ನಾಚಿಕೆಯಿಂದ ಮುಚ್ಚಿಟ್ಟಷ್ಟೂ ಹಣವು ಕೈತಪ್ಪಿಹೋಗುತ್ತದೆ. ಕೂಡಲೇ 1930 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಗೆ ದೂರು ನೀಡುವಂತೆ ಎಲ್ಲರಿಗೂ ಅಭ್ಯಾಸ ಮಾಡಿಸಬೇಕು.

ಕಲಿಸುವವರ ನಡತೆ

ಸಹಾಯಕ್ಕೆಂದು ಕಲಿಕಾರ್ಥಿಗಳ ಗುಪ್ತ ಸಂಖ್ಯೆಗಳನ್ನು ಶಿಕ್ಷಕರು ತಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ, ಹೇಳಿಕೊಟ್ಟ ನೀತಿಯೆಲ್ಲವೂ ವ್ಯರ್ಥವಾಗುತ್ತದೆ. ಕಲಿಕಾರ್ಥಿಗಳು ಶಿಕ್ಷಕರ ಮಾತಿಗಿಂತ ಅವರ ನಡತೆಯನ್ನೇ ಹೆಚ್ಚಾಗಿ ಗಮನಿಸುತ್ತಾರೆ.