ಬೇಸಿಗೆಯ ಬೆಂಕಿ: ಮನೆ, ಕೊಟ್ಟಿಗೆ, ಬಣವೆಗಳ ರಕ್ಷಣೆ

ಸುಗ್ಗಿ ಮುಗಿದು ಗೋವಿನಜೋಳದ ದಂಟು ಹೊಲದಲ್ಲಿ ಒಣಗಿ ನಿಲ್ಲುವ ಹೊತ್ತಿಗೆ ಹಾವೇರಿ ಜಿಲ್ಲೆಯಲ್ಲಿ ಬೆಂಕಿಯ ಕಾಲವೂ ಆರಂಭವಾಗುತ್ತದೆ. 1974ರಲ್ಲಿ ಘೋಷಿತವಾದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯವು ಸುಮಾರು 119 ಚದರ ಕಿಲೋಮೀಟರ್ ವಿಸ್ತಾರವಿದ್ದು ಹುಲ್ಲು, ಕುರುಚಲು ಹಾಗೂ ನೀಲಗಿರಿ ನೆಡುತೋಪುಗಳಿಂದ ಕೂಡಿದೆ. ಹೊಲಗಳು ಅದರ ಅಂಚಿಗೇ ಹತ್ತಿವೆ. ಆದ್ದರಿಂದ ಕಾಡಿನ ಬೆಂಕಿ ಹೊಲಕ್ಕೆ ಬರುವುದೂ ಹೊಲದ ಬೆಂಕಿ ಕಾಡಿಗೆ ಹೋಗುವುದೂ ಸುಲಭ.

ಹುಲ್ಲಿನ ಬೆಂಕಿ ಒಂದು ಜಾಗದಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಮನೆ ಸುಡುವುದು ಹೆಚ್ಚಾಗಿ ಗಾಳಿಯಲ್ಲಿ ಹಾರಿಬರುವ ಕಿಡಿಯಿಂದ. ನೀಲಗಿರಿಯ ಎಲೆಯಲ್ಲಿ ಎಣ್ಣೆಯಿದೆ. ತೊಗಟೆ ಸುಲಿದು ಉರಿಯುತ್ತಲೇ ದೂರ ಹಾರುತ್ತದೆ. ಹೆಂಚಿನ ಸಂದಿಯ ತರಗೆಲೆ, ಗೋಡೆಗೆ ಒರಗಿಸಿದ ಹತ್ತಿಕಟ್ಟಿಗೆ, ಕೊಟ್ಟಿಗೆಯ ಪಕ್ಕದ ಬಣವೆ, ಇವೇ ಆ ಕಿಡಿಗೆ ಆಸರೆ. ಆದ್ದರಿಂದ ಜನವರಿಯಲ್ಲಿಯೇ ಮಾಡು ಗುಡಿಸಿರಿ, ಕಟ್ಟಿಗೆಯನ್ನು ಗೋಡೆಯಿಂದ ದೂರ ಸರಿಸಿರಿ.

ಮೇವು ಕೈಗೆ ಹತ್ತಿರವಿರಲೆಂದು ಬಣವೆಯನ್ನು ಕೊಟ್ಟಿಗೆಗೆ ಒತ್ತಿ ಒಟ್ಟುವ ರೂಢಿಯಿದೆ. ಇದು ಬೇಡ. ಮನೆಯಿಂದ 60 ಅಡಿಯಾದರೂ ದೂರವಿರಲಿ. ಒಂದೇ ದೊಡ್ಡ ಬಣವೆಯ ಬದಲು ಎರಡು ಮೂರು ಸಣ್ಣವು ಲೇಸು, ಒಂದು ಹೋದರೂ ವರ್ಷದ ಮೇವೆಲ್ಲ ಹೋಗುವುದಿಲ್ಲ. ವಿದ್ಯುತ್ ತಂತಿಯ ಕೆಳಗೆ ಒಟ್ಟಲೇಬಾರದು. ಜೋತುಬಿದ್ದ ತಂತಿಯಿದ್ದರೆ ಹೆಸ್ಕಾಂ ಕಚೇರಿಗೆ ಲಿಖಿತವಾಗಿ ತಿಳಿಸಿರಿ. ಬಣವೆಯ ಸುತ್ತಲೂ, ಕಾಡಿನ ಕಡೆಯ ಬದುವಿನ ಗುಂಟವೂ 10–12 ಅಡಿ ಅಗಲ ಕುಂಟೆ ಹೊಡೆದು ಬರೀ ಮಣ್ಣು ಕಾಣುವಂತೆ ಮಾಡಿರಿ. ಹುಲ್ಲು ಕೊಯ್ದು ಅಲ್ಲಿಯೇ ಬಿಟ್ಟರೆ ಪ್ರಯೋಜನವಿಲ್ಲ.

ಬದುವಿಗೆ ಬೆಂಕಿಯಿಟ್ಟರೆ ಎಳೆಹುಲ್ಲು ಚಿಗುರುತ್ತದೆಂಬ ನಂಬಿಕೆ ಇನ್ನೂ ಇದೆ. ಚಿಗುರುವುದು ಮಳೆಯಿಂದ. ಮಳೆ ತಡವಾದರೆ ಇದ್ದ ಒಣಮೇವೂ ಹೋಗಿ ಮಣ್ಣು ಬೆತ್ತಲಾಗುತ್ತದೆ. ದಂಟು ಸುಟ್ಟರೆ ಅದರಲ್ಲಿನ ಸಾರಜನಕದ ಬಹುಭಾಗ ಹೊಗೆಯಾಗುತ್ತದೆ; ಕತ್ತರಿಸಿ ಮಣ್ಣಿಗೆ ಸೇರಿಸುವುದೇ ಲಾಭ. ಅರಣ್ಯಕ್ಕೆ ಬೆಂಕಿ ಹಬ್ಬಿಸಿದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧವೆಂಬುದೂ ನೆನಪಿರಲಿ.

ಬ್ಯಾಡಗಿ ಕಡೆಯ ರೈತರಿಗೆ ಒಂದು ಮಾತು. ಕಣದಲ್ಲಿ ಹರವಿದ ಒಣಮೆಣಸಿನಕಾಯಿಗೆ ಬೆಂಕಿ ತಗುಲಿದರೆ ಅದರ ಘಾಟು ಉಸಿರು ಕಟ್ಟಿಸುತ್ತದೆ. ಗಾಳಿ ಬರುವ ದಿಕ್ಕಿನಲ್ಲಿ ನಿಂತೇ ನೀರು ಹಾಕಬೇಕು; ಚೀಲ ಉಳಿಸಲು ಹೊಗೆಯೊಳಗೆ ನುಗ್ಗಬಾರದು. ಕಣದಲ್ಲಿ ಬೀಡಿ ಸೇದುವವರನ್ನು ಸಂಕೋಚವಿಲ್ಲದೆ ಹೊರಗೆ ಕಳುಹಿಸಿರಿ, ಅವರು ಬೀಗರಾದರೂ ಸರಿಯೇ.

ಮನೆಯ ಹತ್ತಿರ ತುಂಬಿದ ಪೀಪಾಯಿ, ಗೋಣಿಚೀಲ, ಸಲಿಕೆ ಇರಲಿ. ದನಗಳನ್ನು ಎಳೆದೊಡನೆ ಬಿಚ್ಚುವ ಗಂಟಿನಿಂದ ಕಟ್ಟಿ, ಕೊಟ್ಟಿಗೆಯ ಬಾಗಿಲಲ್ಲೊಂದು ಕುಡುಗೋಲು ಸಿಕ್ಕಿಸಿರಿ. ಬೆಂಕಿ ಕಂಡೊಡನೆ 112ಕ್ಕೆ ಕರೆ ಮಾಡಿರಿ. ಮೊದಲು ಮಕ್ಕಳು, ವೃದ್ಧರು, ಅನಂತರ ದನಕರು. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಳ್ಗಿಚ್ಚಿನಲ್ಲಿ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. ಅನುಭವವಿದ್ದವರಿಗೇ ಹೀಗಾದಾಗ, ಎತ್ತರದ ಉರಿಯ ಎದುರಿಗೆ ಹಸಿಸೊಪ್ಪು ಹಿಡಿದು ಒಬ್ಬರೇ ಹೋಗುವುದು ಸಲ್ಲದು.

ಉರಿ ಆರಿದ ಬಣವೆಯ ಒಳಗೆ ಕೆಂಡ ದಿನಗಟ್ಟಲೆ ಉಳಿಯಬಲ್ಲದು. ಉದ್ದ ಕೋಲಿನಿಂದ ಕೆದರಿ, ಪದರ ಪದರವಾಗಿ ನೀರು ಹಾಕಿ, ಆ ರಾತ್ರಿ ಸರದಿಯ ಮೇಲೆ ಕಾವಲಿರಿ.