ಬೈಲು, ಮಜಲು, ಬೆಟ್ಟು: ನಮ್ಮ ಸಿಲೆಬಸ್ಸಲ್ಲಿ ಇಲ್ಲದ ಮೂರು ಶಬ್ದ

ಎಸ್ಪೆರಾಂಟೊ ಅಂತ ಒಂದು ಭಾಷೆ ಉಂಟು. ಅದು ಯಾವ ದೇಶದ್ದೂ ಅಲ್ಲ. ಎಲ್. ಎಲ್. ಝಾಮೆನ್‌ಹಾಫ್ ಎಂಬ ಕಣ್ಣಿನ ಡಾಕ್ಟರ್ 1887ರಲ್ಲಿ ಅದನ್ನು ಪ್ರಕಟಿಸಿದರು. ಅವರು ಹುಟ್ಟಿದ ಬಿಯಾಲಿಸ್ತೊಕ್ ಈಗ ಪೋಲೆಂಡಿನಲ್ಲಿದೆ. ಆಗ ಅಲ್ಲಿ ಪೋಲಿಷ್, ರಷ್ಯನ್, ಜರ್ಮನ್, ಯಿಡ್ಡಿಶ್ ಮಾತಾಡುವವರ ನಡುವೆ ಜಗಳ ಇತ್ತು. ಎಲ್ಲರಿಗೂ ಸುಲಭದ ಎರಡನೇ ಭಾಷೆ ಒಂದಿರಲಿ, ಮನೆಭಾಷೆ ಅವರವರದ್ದೇ ಇರಲಿ ಅನ್ನುವುದು ಅವರ ಆಸೆ. 1905ರಲ್ಲಿ ಫ್ರಾನ್ಸಿನಲ್ಲಿ ಮೊದಲ ವಿಶ್ವ ಸಮ್ಮೇಳನ ನಡೆಯಿತು. ಈಗ ಎಸ್ಪೆರಾಂಟೊದವರು ಸೇರಿದಾಗ ಭಾಷಾ ವೈವಿಧ್ಯ ಮತ್ತು ಪರಿಸರವನ್ನು ಒಟ್ಟಿಗೆ ಚರ್ಚಿಸುವುದೂ ಉಂಟು. ಇದನ್ನು ಓದಿದಾಗ ನಂಗೆ ಬಂದ ಪ್ರಶ್ನೆ: ಭಾಷೆಗೂ ಪರಿಸರಕ್ಕೂ ಎಂತ ಸಂಬಂಧ?

ಉತ್ತರ ಸಿಕ್ಕಿದ್ದು ಪಾಣೆಮಂಗಳೂರಿನ ಅಜ್ಜಿಮನೆಯಲ್ಲಿ. ಬಂಟ್ವಾಳ ತಾಲೂಕಿನ ಈ ಊರು ನೇತ್ರಾವತಿಯ ದಡದಲ್ಲಿದೆ. ಪೇಟೆಯಲ್ಲಿ ಹತ್ತು ನಿಮಿಷ ನಿಂತರೆ ತುಳು, ಬ್ಯಾರಿ, ಕೊಂಕಣಿ, ಕನ್ನಡ ನಾಲ್ಕೂ ಕೇಳ್ತದೆ.

ಅಲ್ಲಿ ನಮ್ಮ ಸಂಬಂಧಿಕರೊಬ್ಬರು ಗದ್ದೆಗೆ ಮಣ್ಣು ತುಂಬಿಸಿ ಮನೆ ಕಟ್ಟಿದರು. ಮೊದಲ ಮಳೆಗಾಲದಲ್ಲೇ ಟೈಲ್ಸ್ ಸಂದಿಯಿಂದ ನೀರು ಒಸರಿತು. ಅಜ್ಜಿ ತುಳುವಿನಲ್ಲಿ ಹೇಳಿದ್ದು ಇಷ್ಟೇ: ಅದು ಬೈಲು ಅಲ್ವಾ, ಬೈಲಲ್ಲಿ ಯಾರಾದ್ರೂ ಮನೆ ಕಟ್ತಾರಾ? ಇಂಗ್ಲಿಷ್ ಮೀಡಿಯಮ್ಮಿನ ನಂಗೆ ಬೈಲು ಅಂದ್ರೆ ಗದ್ದೆ ಅಂತ ಮಾತ್ರ ಗೊತ್ತಿತ್ತು. ಅಜ್ಜಿ ಬಿಡಿಸಿ ಹೇಳಿದ್ರು.

ಬೆಟ್ಟು: ಎತ್ತರದ ಗದ್ದೆ. ಮಳೆ ನೀರೇ ಗತಿ. ಏಣೆಲು ಎಂಬ ಒಂದೇ ಬೆಳೆ.

ಮಜಲು: ನಡುವಿನ ಎತ್ತರದ್ದು. ಮಳೆ ಹೋದ ಮೇಲೂ ಸ್ವಲ್ಪ ದಿನ ತೇವ ಇರ್ತದೆ. ಏಣೆಲಿನ ನಂತರ ಸುಗ್ಗಿ ಬೆಳೆ.

ಬೈಲು: ತಗ್ಗಿನ ಗದ್ದೆ. ನೀರು ಮೇಲೆಯೇ ಸಿಗ್ತದೆ. ಕೊಳಕೆ ಎಂಬ ಮೂರನೇ ಬೆಳೆಯೂ ಆಗ್ತದೆ.

ಈಗ ನಮ್ಮ ಭಾಷೆಯಲ್ಲಿ ನೋಡಿ. ಇದು ಗದ್ದೆಯ ಹೆಸರು ಮಾತ್ರ ಅಲ್ಲ, ವಾಟರ್ ಟೇಬಲ್ಲಿನ ವರ್ಗೀಕರಣ. ಒಂದೊಂದು ಶಬ್ದದಲ್ಲಿ ಎತ್ತರ, ತೇವ, ಬೆಳೆಯ ಲೆಕ್ಕ ಮೂರೂ ಉಂಟು. ಇಂಗ್ಲಿಷಿನಲ್ಲಿ ಮೂರಕ್ಕೂ ಪ್ಯಾಡಿ ಫೀಲ್ಡ್ ಅಂತ ಬರೆದರೆ ಈ ಲೆಕ್ಕ ಅಳಿಸಿ ಹೋಗ್ತದೆ. ಎಸ್ಪೆರಾಂಟೊದಲ್ಲಿ ಅರ್ಬೊ ಅಂದ್ರೆ ಮರ, ಅರ್ಬಾರೊ ಅಂದ್ರೆ ಕಾಡು. ಅಷ್ಟು ನೀಟಾದ ಭಾಷೆಯಲ್ಲೂ ಬೈಲನ್ನು ವಿವರಿಸಲು ಒಂದು ವಾಕ್ಯವೇ ಬೇಕು.

ಹಾಗಂತ ಹೆಸರು ನೋಡಿ ಫೌಂಡೇಶನ್ ಡಿಸೈನ್ ಮಾಡಲಿಕ್ಕೆ ಆಗುದಿಲ್ಲ. ಮಣ್ಣಿನ ಟೆಸ್ಟ್ ಬೇಕೇ ಬೇಕು. ಆದರೆ ಏಪ್ರಿಲಿನಲ್ಲಿ ಮಾತ್ರ ನೀರಿನ ಮಟ್ಟ ಅಳೆದರೆ ಜುಲೈ ತಿಂಗಳ ಕಥೆ ಗೊತ್ತಾಗುದಿಲ್ಲ. ಜಾಗದ ಹೆಸರು ಬೈಲು ಅಂತ ಗೊತ್ತಿದ್ದರೆ ಮಳೆಗಾಲದಲ್ಲೂ ಒಮ್ಮೆ ಅಳೆಯಬೇಕು ಅಂತ ಹೊಳೀತದೆ.

ಇನ್ನೊಂದು ಉದಾಹರಣೆ ಸುರಂಗ. ಕಾಸರಗೋಡು ಮತ್ತು ಬಂಟ್ವಾಳದ ಕಡೆ ಈ ಶಬ್ದ ಕೇಳಿದ ಕೂಡಲೇ ನೆನಪಾಗುವುದು ನೀರು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದರೆ ಒಳಗಿನ ಒರತೆ ತಾನಾಗಿಯೇ ಹೊರಗೆ ಹರಿದು ಬರ್ತದೆ, ಪಂಪು ಬೇಡ. ಹೀಗೆ ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡವನ್ನು ತೋಟ ಮಾಡಿದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅವರದ್ದೂ ಬಂಟ್ವಾಳ ತಾಲೂಕೇ.

2011ರ ಜನಗಣತಿಯಲ್ಲಿ ತುಳು ಮಾತೃಭಾಷೆ ಅಂದವರು ಸುಮಾರು 18.46 ಲಕ್ಷ. ಹಾಗಾದ್ರೆ ಭಯ ಎಂತಕ್ಕೆ? ಭಾಷೆ ಇದ್ದೂ ಶಬ್ದ ಹೋಗಬಹುದು. ನಾನು ಮನೆಯಲ್ಲಿ ತುಳುವೇ ಮಾತಾಡುದು. ಆದ್ರೂ ಈ ಮೂರು ಶಬ್ದ ನಂಗೆ ಗೊತ್ತಿರ್ಲಿಲ್ಲ. ಗದ್ದೆಗೆ ಇಳಿಯದವನಿಗೆ ಗದ್ದೆಯ ಶಬ್ದ ಬರುದಿಲ್ಲ. ಶಬ್ದ ಬಾರದವನು ಇಂಜಿನಿಯರ್ ಆಗಿ ಅದೇ ಗದ್ದೆಗೆ ಮಣ್ಣು ತುಂಬಿಸ್ತಾನೆ.

ಈ ರಜೆಯಲ್ಲಿ ನೀವು ಮಾಡಬಹುದಾದ್ದು:

1. ನಿಮ್ಮೂರಿನ ಹಿರಿಯರಲ್ಲಿ ಗದ್ದೆ, ತೋಡು, ಕೆರೆ, ಗುಡ್ಡದ ಹೆಸರು ಕೇಳಿ. ಅವರು ಹೇಳಿದ ಭಾಷೆಯಲ್ಲೇ ಬರೆಯಿರಿ.
2. ಮಳೆಗಾಲದಲ್ಲಿ ಅಲ್ಲಿ ನೀರು ಎಲ್ಲಿವರೆಗೆ ಬರ್ತದೆ ಅಂತ ಕೇಳಿ.
3. ಸರ್ವೇ ಕ್ಯಾಂಪಿಗೆ ಹೋದಾಗ ಫೀಲ್ಡ್ ಬುಕ್ಕಿನ ರಿಮಾರ್ಕ್ಸ್ ಕಾಲಮ್ಮಿನಲ್ಲಿ ಊರಿನವರು ಕರೆಯುವ ಹೆಸರನ್ನೂ ಸೇರಿಸಿ.

ನನ್ನ ಪಟ್ಟಿಯಲ್ಲಿ ಈಗ ಹದಿನಾಲ್ಕು ಶಬ್ದ ಉಂಟು. ಸ್ಪೆಲಿಂಗ್ ತಿದ್ದುವವರು ಅಜ್ಜಿ.